ರನ್ನನ ದುರ್ಯೋಧನ ಕೆಟ್ಟದ್ದು ತಂದೆಯ ಮೋಹದಿಂದಲೋ, ತನ್ನ ಛಲದಿಂದಲೋ?

ಪ್ರಶ್ನೆ: ಹಳಗನ್ನಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತೇನೆ. ಕಳೆದ ವಾರ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ಸಂಜಯನೊಡನೆ ನಡೆದು ಹೋಗುತ್ತಾ ತನ್ನವರನ್ನು ಗುರುತಿಸಿ ಪ್ರಲಾಪಿಸುವ ಭಾಗವನ್ನು ವಿವರಿಸುತ್ತಿದ್ದೆ. ಅವನನ್ನು ದುರಂತ ನಾಯಕನೆಂದು ವಿಮರ್ಶಕರು ಕರೆಯುವುದೇಕೆ ಎಂದು ಹೇಳಿ, ನಾಯಕನ ಪತನಕ್ಕೆ ಅವನಲ್ಲಿರುವ ಒಂದು ದೋಷವೇ ಕಾರಣವೆಂಬ ಅರಿಸ್ಟಾಟಲನ ಕಲ್ಪನೆಯನ್ನೂ ತಂದು, ಛಲವೇ ಆ ದೋಷವೆಂದು ಮುಗಿಸುವಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಹುಟ್ಟಿದಾಗಿನಿಂದ ಯಾವುದಕ್ಕೂ ಬೇಡ ಅನ್ನದ ಅಪ್ಪನ ಮಗ ಹಟ ಹಿಡಿಯದೆ ಇನ್ನೇನು ಮಾಡುತ್ತಾನೆ? ತಪ್ಪು ಅವನದಾ, ಅವರಪ್ಪನದಾ?" ಎಂದು ಕೇಳಿದಳು. ನಾನು ಎರಡೂ ಇದೆಯಮ್ಮಾ ಎಂದು ಹೇಳಿ ಕೂರಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ.

ಹೊಣೆಯನ್ನೆಲ್ಲ ಧೃತರಾಷ್ಟ್ರನ ಮೇಲೆ ಹೊರಿಸಿದರೆ ದುರ್ಯೋಧನ ಮುದ್ದಿನಿಂದ ಕೆಟ್ಟ ಮಗುವಾಗಿ ಕುಗ್ಗಿಹೋಗುತ್ತಾನೆ, ಅವನ ಪತನಕ್ಕೆ ನಾವು ಮರುಗುವುದಕ್ಕೆ ಕಾರಣವೇ ಉಳಿಯುವುದಿಲ್ಲ. ತಂದೆಯನ್ನು ಬಿಟ್ಟು ಓದಿದರೆ, ಮಗು ಹುಟ್ಟಿದಾಗಲೇ ಅದನ್ನು ತ್ಯಜಿಸೆಂದು ವಿದುರ ಹೇಳಿದ್ದು, ಜೂಜಿನ ಸಭೆಯಲ್ಲಿ ಮುದುಕ ಆತುರ ತಡೆಯಲಾರದೆ "ಗೆದ್ದದ್ದಾಯಿತೇ, ಗೆದ್ದದ್ದಾಯಿತೇ" ಎಂದು ಮತ್ತೆ ಮತ್ತೆ ಕೇಳಿದ್ದು, ಇವೆಲ್ಲ ಅರ್ಥ ಕಳೆದುಕೊಳ್ಳುತ್ತವೆ. ರನ್ನ ಇದನ್ನು ಹೇಗೆ ನೋಡಿದ್ದಾನೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಲಪ್ರಭೆ

ಮೇಷ್ಟ್ರೇ, ತಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಮೊದಲ ಉತ್ತರ ವ್ಯಾಸಭಾರತದಲ್ಲಿಯೇ ಇದೆ. ಅದನ್ನು ಕೊಟ್ಟವಳು ಗಾಂಧಾರಿ. ಉದ್ಯೋಗಪರ್ವದಲ್ಲಿ ಕೃಷ್ಣ ಸಂಧಿಗೆ ಬಂದಾಗ ಧೃತರಾಷ್ಟ್ರನು ತಾನು ಸ್ವತಂತ್ರನಲ್ಲ, ನೀನೇ ಆ ನನ್ನ ಮಗನಿಗೆ ಬುದ್ಧಿ ಹೇಳು ಎನ್ನುತ್ತಾನೆ. ಆಳುವ ದೊರೆ, ಹೆತ್ತ ತಂದೆ, ತುಂಬಿದ ಸಭೆಯಲ್ಲಿ ಕುಳಿತು ಆಡುವ ಮಾತೇ ಇದು? ಆಮೇಲೆ ಗಾಂಧಾರಿಯನ್ನು ಕರೆಸಿದಾಗ ಅವಳು ಮಗನಿಗೆ ಹೇಳುವ ಮೊದಲು ಗಂಡನತ್ತ ತಿರುಗಿ, ಇಲ್ಲಿ ಹೆಚ್ಚು ನಿಂದೆಗೆ ತಕ್ಕವನು ನೀನೇ, ಅವನ ಪಾಪಬುದ್ಧಿಯನ್ನು ಅರಿತೂ ಅವನು ಹೇಳಿದಂತೆ ನಡೆದವನು ನೀನು ಎಂದು ನೇರವಾಗಿ ಹೇಳುತ್ತಾಳೆ. ಧೃತರಾಷ್ಟ್ರ "ಬೇಡ" ಎಂದು ಹೇಳಲೇ ಇಲ್ಲವೆಂದಲ್ಲ. ಹೇಳಿದ, ಆದರೆ ಅಪ್ಪಣೆಯಾಗಿ ಹೇಳಬೇಕಾದದ್ದನ್ನು ಗೋಗರೆದು ಹೇಳಿದ.

ರನ್ನನ ಮಾತು ಬೇರೆ. ಅವನು ಕಥೆಯನ್ನು ಹಿಡಿಯುವುದೇ ಯುದ್ಧದ ಕೊನೆಯ ದಿನದಲ್ಲಿ. ಹಿಂದಿನದೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಬರುತ್ತದೆ. ಧೃತರಾಷ್ಟ್ರ ಗಾಂಧಾರಿಯರು ರಣರಂಗಕ್ಕೇ ಬಂದು ಇನ್ನಾದರೂ ಸಂಧಿ ಮಾಡಿಕೊಳ್ಳೆಂದು ಅಂಗಲಾಚುವ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಉಳಿದಿಲ್ಲ. ಅವರ ಮಾತನ್ನು ದುರ್ಯೋಧನ ತಳ್ಳಿಹಾಕುವುದು ಬಾಲ್ಯದ ಹಟದಿಂದಲ್ಲ. ಶರಶಯ್ಯೆಯ ಭೀಷ್ಮರಿಗೆ ಅವನು ಹೇಳುವ "ನೆಲಕಿಱಿವೆನೆಂದು ಬಗೆದಿರೆ ಚಲಕಿಱಿವೆಂ" (ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ಛಲಕ್ಕಾಗಿ ಹೋರಾಡುತ್ತೇನೆ) ಎಂಬ ಮಾತನ್ನು ಗಮನಿಸಬೇಕು. ಕರ್ಣನನ್ನು ಕೊಲ್ಲಿಸಿದ ನೆಲ ಅವನಿಗೆ ಪಾಳು ನೆಲ. ರಾಜ್ಯದಾಸೆಯಾಗಿ ಹುಟ್ಟಿದ ಛಲ ಇಲ್ಲಿ ಸತ್ತವರಿಗೆ ಸಲ್ಲಬೇಕಾದ ಋಣವಾಗಿದೆ. ದೋಷವೇ ಗುಣದ ಎತ್ತರಕ್ಕೆ ಏರುವ ಈ ಜಾಗದಲ್ಲಿ ಅವನು ನನಗೆ ದುರಂತ ನಾಯಕನಾಗಿ ಕಾಣುತ್ತಾನೆ.

ಇನ್ನು ತಂದೆಯ ಪ್ರಶ್ನೆ. ಅದಕ್ಕೆ ರನ್ನನ ಉತ್ತರ ಧೃತರಾಷ್ಟ್ರನ ಪಾತ್ರದಲ್ಲಿ ಇಲ್ಲ, ದುರ್ಯೋಧನನ ಮಗ ಲಕ್ಷಣಕುಮಾರನ ಹೆಣದ ಮುಂದೆ ಇದೆ ಎಂದು ನಾನು ನಂಬಿದ್ದೇನೆ.

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ತಂದೆಗೆ ಮಗ ತರ್ಪಣ ಕೊಡುವುದು ಕ್ರಮ. ಈಗ ನಿನಗೆ ನಾನು ಕೊಡುವಂತಾಯಿತಲ್ಲ, ಮಗನೇ, ನೀನು ಈ ಕ್ರಮವನ್ನು ತಲೆಕೆಳಗು ಮಾಡಬಹುದೇ ಎಂದು ಅವನು ಕೇಳುತ್ತಾನೆ. ಆಕ್ಷೇಪವೆಲ್ಲ ಸತ್ತ ಹುಡುಗನ ಮೇಲೆ. ಆ ಹುಡುಗನನ್ನು ಈ ಕಣಕ್ಕೆ ತಂದವನು ತಾನು ಎಂಬುದು ಆ ನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಇಲ್ಲ. ಮಗನ ಮೇಲಿನ ಪ್ರೀತಿ ಉಕ್ಕುತ್ತಿದೆ, ತನ್ನ ತಪ್ಪು ಮಾತ್ರ ಕಾಣುತ್ತಿಲ್ಲ. ಅದು ಧೃತರಾಷ್ಟ್ರನ ಕುರುಡೇ ಅಲ್ಲವೇ? ತಂದೆಯಿಂದ ಮಗ ಪಡೆದದ್ದು ಯಾವುದೆಂದು ಕೇಳಿದರೆ ನಾನು ಛಲವನ್ನು ಹೇಳುವುದಿಲ್ಲ, ಈ ಕಾಣದಿರುವಿಕೆಯನ್ನು ಹೇಳುತ್ತೇನೆ.

ಉತ್ತರ 2: ರುದ್ರನಾಟಕ ಪ್ರಿಯ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅರಿಸ್ಟಾಟಲನ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. 'ಹಮಾರ್ತಿಯ' ಎಂಬುದನ್ನು ನಾವು ದೋಷವೆಂದು ಅನುವಾದಿಸಿ, ಅಹಂಕಾರ, ಕೋಪ, ಛಲ ಎಂದು ಸ್ವಭಾವದ ಅವಗುಣಗಳನ್ನು ಹುಡುಕಲು ಹೊರಡುತ್ತೇವೆ. ಆ ಗ್ರೀಕ್ ಪದದ ಮೂಲದಲ್ಲಿರುವ ಅರ್ಥ ಎಸೆದ ಆಯುಧ ಗುರಿ ತಪ್ಪುವುದು. ಹೀಗಾಗಿ ಮಗನಿಗೆ ಗುರಿಯನ್ನು ಇಟ್ಟವರು ಯಾರು ಎಂದು ಕೇಳಿದಾಗ ತಂದೆ ತಾನಾಗಿಯೇ ಚರ್ಚೆಯೊಳಕ್ಕೆ ಬರುತ್ತಾನೆ.

ಗ್ರೀಕ್ ನಾಟಕಕಾರ ಸೊಫೊಕ್ಲೀಸನ 'ಏಜಾಕ್ಸ್' ನಾಟಕದ ನಾಯಕ ಇದಕ್ಕೆ ಒಳ್ಳೆಯ ನಿದರ್ಶನ. ಅಕಿಲೀಸನ ಆಯುಧಗಳು ತನಗೆ ಸಿಗದೆ ಹೋದ ಅವಮಾನದಲ್ಲಿ, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು ಹಾಕಿದ ಮೇಲೆ, ಬುದ್ಧಿ ತಿಳಿಯಾದಾಗ ಅವನನ್ನು ಕಾಡುವುದು ತಂದೆ ಟೆಲಮೋನನ ಮುಖ. ಇದೇ ಟ್ರಾಯ್ ನಾಡಿನಿಂದ ತಂದೆ ಕೀರ್ತಿಯ ಬಹುಮಾನ ತಂದಿದ್ದ. ತಾನು ಬರಿಗೈಯಲ್ಲಿ ಹೋಗಿ ಅವನೆದುರು ಹೇಗೆ ನಿಲ್ಲಲಿ ಎಂಬ ಪ್ರಶ್ನೆಗೆ ಅವನಿಗೆ ಉತ್ತರ ಸಿಗುವುದಿಲ್ಲ. ಸಾಯುವ ಮುನ್ನ ತನ್ನ ಪುಟ್ಟ ಮಗನನ್ನು ಎತ್ತಿಕೊಂಡು, ಅದೃಷ್ಟದಲ್ಲಿ ಮಾತ್ರ ನೀನು ತಂದೆಯನ್ನು ಮೀರು, ಉಳಿದುದರಲ್ಲಿ ತಂದೆಯಂತೆಯೇ ಇರು ಎಂದು ಹರಸುತ್ತಾನೆ. ತನ್ನನ್ನು ಕೊಂದ ಅಳತೆಗೋಲನ್ನೇ ಮಗನ ಕೈಗೂ ಕೊಡುತ್ತಾನೆ.

ಬಿ.ಎಂ. ಶ್ರೀಯವರು ಈ ನಾಟಕದ ಅಚ್ಚಿನಲ್ಲಿ 1929ರಲ್ಲಿ 'ಅಶ್ವತ್ಥಾಮನ್' ಬರೆದಾಗ ನಮ್ಮಲ್ಲಿ ಅದಕ್ಕೆ ಹೊಂದುವ ಪಾತ್ರವಾಗಿ ದ್ರೋಣನ ಮಗನನ್ನು ಆರಿಸಿದ್ದು ಎಷ್ಟು ಸೂಕ್ಷ್ಮವೆಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ. ಮಗ ಸತ್ತನೆಂಬ ಸುಳ್ಳಿಗೆ ಶಸ್ತ್ರ ಕೆಳಗಿಟ್ಟು ಸತ್ತವನು ದ್ರೋಣ. ತಂದೆಯ ಸಾವಿಗೆ ತನ್ನ ಹೆಸರೇ ಸಾಧನವಾಯಿತೆಂಬ ಭಾರ ಹೊತ್ತ ಮಗನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಚಿರಂಜೀವಿಯೆಂದು ನಾವೆಲ್ಲ ನಂಬಿದ ಅವನನ್ನು ಶ್ರೀಯವರು ರಂಗದಲ್ಲಿ ಸಾಯಿಸಿದ್ದನ್ನು ಹಲವರು ಒಪ್ಪಲಿಲ್ಲ. ನಾನು ಒಪ್ಪುತ್ತೇನೆ.

ಉತ್ತರ 3: ರಾಧೇಯ

ತಂದೆಯೇ ಎಲ್ಲಕ್ಕೂ ಕಾರಣವೆಂಬ ಕಡೆಗೆ ಚರ್ಚೆ ಜಾರುತ್ತಿರುವುದರಿಂದ ಎರಡು ಮಾತು. ವಿಕರ್ಣನೂ ಧೃತರಾಷ್ಟ್ರನ ಮಗನೇ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಕೌರವರಲ್ಲಿ ಎದ್ದು ನಿಂತು ಇದು ಅಧರ್ಮವೆಂದವನು ಅವನು. ವೈಶ್ಯ ಸ್ತ್ರೀಯಲ್ಲಿ ಹುಟ್ಟಿದ ಯುಯುತ್ಸುವೂ ಅವನ ಮಗನೇ. ಯುದ್ಧ ಆರಂಭವಾಗುವಾಗ ಅವನು ಪಾಂಡವರ ಪಕ್ಷಕ್ಕೆ ನಡೆದು ಹೋದ. ಒಬ್ಬನೇ ತಂದೆ, ಮೂರು ದಾರಿ.

ಕರ್ಣನನ್ನೂ ನೋಡಿ. ಆದಿಪರ್ವದ ಶಸ್ತ್ರಪ್ರದರ್ಶನದಲ್ಲಿ, ಆಗತಾನೇ ಅಂಗರಾಜ್ಯದ ಅಭಿಷೇಕವಾಗಿದೆ, ತಲೆ ಇನ್ನೂ ಒದ್ದೆಯಾಗಿದೆ. ಅಷ್ಟರಲ್ಲಿ ಬೆವರುತ್ತಾ, ನಡುಗುತ್ತಾ, ಕೋಲೂರಿಕೊಂಡು ಸೂತ ಅಧಿರಥ ರಂಗದೊಳಕ್ಕೆ ಬರುತ್ತಾನೆ. ಕರ್ಣ ಬಿಲ್ಲನ್ನು ಬಿಟ್ಟು, ಆ ಒದ್ದೆ ತಲೆಯನ್ನು ಮುದುಕನ ಕಾಲಿಗೆ ಬಾಗಿಸುತ್ತಾನೆ. ಭೀಮ ಹಂಗಿಸಲು ಕಾಯುತ್ತಿದ್ದಾನೆಂದು ತಿಳಿಯದಷ್ಟು ಮಂಕನಲ್ಲ ಅವನು. ಹೆತ್ತ ತಂದೆ ಸೂರ್ಯನು ಕನಸಿನಲ್ಲಿ ಬಂದು ಕವಚಕುಂಡಲ ಕೊಡಬೇಡವೆಂದಾಗ ಕೇಳದವನು, ಸಾಕಿದ ತಂದೆಯನ್ನು ಮಾತ್ರ ತುಂಬಿದ ಸಭೆಯಲ್ಲಿ ತನ್ನವನೆಂದು ಒಪ್ಪಿಕೊಂಡ. ತಂದೆಯ ಎದುರು ಯಾವ ಗಳಿಗೆಯಲ್ಲಿ ತಲೆ ಬಾಗಬೇಕು, ಯಾವಾಗ ಬಾಗಬಾರದು ಎಂಬುದನ್ನು ಮಗನೇ ಆರಿಸುತ್ತಾನೆ. ಆ ಆಯ್ಕೆ ಇರುವುದರಿಂದಲೇ ಅವನ ಸೋಲು ನಮಗೆ ನೋಯುತ್ತದೆ.

ಮೇಷ್ಟ್ರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಇಂದು ತರಗತಿಯಲ್ಲಿ ಗಾಂಧಾರಿಯ ಮಾತನ್ನು ಹೇಳಿ, ವಿಕರ್ಣನನ್ನೂ ನೆನಪಿಸಿ, ಲಕ್ಷಣಕುಮಾರನ ಕಂದಪದ್ಯವನ್ನು ಆ ಹುಡುಗಿಯಿಂದಲೇ ಓದಿಸಿದೆ. ಓದಿ ಮುಗಿಸಿ ಪುಸ್ತಕದಿಂದ ತಲೆಯೆತ್ತದೆ, "ಸಾರ್, ಇಲ್ಲಿ ಅವನು ಬೈಯುತ್ತಿರುವುದು ಮಗನನ್ನಲ್ಲ ಅನ್ನಿಸುತ್ತದೆ" ಎಂದಳು. ಮತ್ತೆ ಯಾರನ್ನು ಎಂದು ನಾನು ಕೇಳಲಿಲ್ಲ.