ಹಳೆ ಬಿಲ್ಲಿಂಗ್ ಕೀಬೋರ್ಡಿನ ಕೇಬಲ್ ಹೋಗಿದೆ, ಹೊಸದು ಎಲ್ಲಿ ಸಿಗುತ್ತದೆ?

ಪ್ರಶ್ನೆ: ಸರ್, ಹಾಸನದಲ್ಲಿ ನಮ್ಮದು ದಿನಸಿ ಅಂಗಡಿ. ಬಿಲ್ ಮಾಡೋದಕ್ಕೆ ಹಳೆಯ ಪ್ರೋಗ್ರಾಮಬಲ್ ಕೀಬೋರ್ಡ್ ಇದೆ. ಒಂದು ಕೀ ಒತ್ತಿದರೆ ಸೋನಾ ಮಸೂರಿಯ ಕೋಡ್ ಪೂರ್ತಿ ಬೀಳುತ್ತದೆ. ಈಗ ಕೇಬಲ್ ಅಲ್ಲಾಡಿಸಿದರೆ ಮಾತ್ರ ಓಡುತ್ತದೆ. ಕಂಪ್ಯೂಟರ್ ಕಡೆ ನೇರಳೆ ಬಣ್ಣದ ದುಂಡು ಪಿನ್, ಕೀಬೋರ್ಡ್ ಕಡೆ ಲ್ಯಾನ್ ಕೇಬಲ್ ತರಹದ ಪ್ಲಗ್. ಲ್ಯಾನ್ ಕೇಬಲನ್ನೇ ಬಳಸಬಹುದಾ? ಬದಲಿಸಿದರೆ ಪ್ರೋಗ್ರಾಂ ಅಳಿಸಿ ಹೋಗುತ್ತದಾ?

ಉತ್ತರ: ಮೊದಲು ಒಂದು ಮಾತು. ಹಳೆ ಕೇಬಲ್ ಎಸೆಯಬೇಡಿ! ಹೊಸದನ್ನು ಮಾಡಿಕೊಳ್ಳೋದಕ್ಕೆ ಅದೇ ನಿಮ್ಮ ನಕ್ಷೆ.

ದುಂಡು ಪಿನ್ನಿನ ಕಡೆ ಎಲ್ಲರದೂ ಒಂದೇ. ಅದು ಪಿಎಸ್/2, ಅಂದರೆ ಯುಎಸ್‌ಬಿಗಿಂತ ಮೊದಲಿನ ಕೀಬೋರ್ಡ್-ಮೌಸ್ ಜೋಡಣೆ. 1ನೇ ಪಿನ್ ಡೇಟಾ, 3 ಗ್ರೌಂಡ್, 4 ಐದು ವೋಲ್ಟ್, 5 ಕ್ಲಾಕ್. ಉಳಿದೆರಡು ಖಾಲಿ. ಕೀಬೋರ್ಡಿನ ಕಡೆ ಮಾತ್ರ ಒಂದೊಂದು ಕಂಪನಿಯದು ಒಂದೊಂದು ರೀತಿ. ಐಬಿಎಂನ ಮಾಡೆಲ್ ಎಂ ಕೀಬೋರ್ಡಿನ ಪ್ಲಗ್ ಕೂಡ ನೋಡೋಕೆ ಹೀಗೇ ಇರುತ್ತದೆ, ಆದರೆ ಅದು ಎಸ್‌ಡಿಎಲ್ ಅನ್ನುವ ಬೇರೆ ಜಾತಿ. ಹಾಗಾಗಿ ಆಕಾರ ನೋಡಿ ಲ್ಯಾನ್ ಕೇಬಲ್ ಆಗಲಿ, ಬೇರೆ ಕೇಬಲ್ ಆಗಲಿ ಹಾಕಬೇಡಿ. ಐದು ವೋಲ್ಟ್ ಮತ್ತು ಗ್ರೌಂಡ್ ಅದಲುಬದಲಾದರೆ ಒಳಗಿನ ಚಿಪ್ ಸುಡಬಹುದು. ಕೇಬಲ್ ಮಾಡಿಸಬಹುದು, ಆ ಚಿಪ್ ಎಲ್ಲಿಂದ ತರುತ್ತೀರಿ?

ಮಲ್ಟಿಮೀಟರನ್ನು ಬೀಪ್ ಮೋಡಿಗೆ ಇಟ್ಟು, ದುಂಡು ಪಿನ್ನಿನಿಂದ ಆ ಕಡೆಯ ಯಾವ ತುದಿಗೆ ಬೀಪ್ ಬರುತ್ತದೆ ಅಂತ ಒಂದೊಂದಾಗಿ ಬರೆದುಕೊಳ್ಳಿ. ತುಂಡಾದ ವೈರೂ ತಾಗಿ ಬೀಪ್ ಬರುವಂತೆ ಯಾರಾದರೂ ಕೇಬಲ್ ಅಲ್ಲಾಡಿಸುತ್ತಿರಲಿ. ವೈರಿನ ಬಣ್ಣ ನಂಬಬೇಡಿ, ಅದಕ್ಕೆ ನಿಯಮವೇ ಇಲ್ಲ.

ಇಂಥ ಕೇಬಲ್ ಹೆಚ್ಚಾಗಿ ತುಂಡಾಗುವುದು ಪ್ಲಗ್ಗಿನ ಬುಡದಲ್ಲೇ, ಮಡಚುವ ಜಾಗದಲ್ಲಿ. ಕೀಬೋರ್ಡ್ ಕಡೆ ತುಂಡಾಗಿದ್ದರೆ ಎರಡು ಇಂಚು ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಿದರೆ (ಇಕ್ಕಳದಲ್ಲಿ ಒತ್ತಿ ಕೂರಿಸಿದರೆ) ಮುಗೀತು. ಎಳೆಎಳೆ ವೈರಿಗೆ ಕೂರುವ ಪ್ಲಗ್ಗೇ ಕೇಳಿ. ಗಟ್ಟಿ ತಂತಿಯ ಲ್ಯಾನ್ ವೈರಿನ ಪ್ಲಗ್ ಇದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ದುಂಡು ಪಿನ್ ಕಡೆ ಹೋಗಿದ್ದರೆ, ಕೆಟ್ಟ ಪಿಎಸ್/2 ಕೀಬೋರ್ಡಿನ ಕೇಬಲ್ ಕತ್ತರಿಸಿ ಬೆಸುಗೆ ಹಾಕಿ. ಗುಜರಿಯಲ್ಲೇ ಸಿಗುತ್ತದೆ. ಬೆಂಗಳೂರಿಗೆ ಬಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ.

ಪ್ರೋಗ್ರಾಂ ಸಾಮಾನ್ಯವಾಗಿ ಕೀಬೋರ್ಡಿನೊಳಗಿನ ಇಇಪ್ರಾಮ್ ಚಿಪ್ಪಿನಲ್ಲಿ, ಅಂದರೆ ಕರೆಂಟ್ ಇಲ್ಲದಿದ್ದರೂ ನೆನಪಿಟ್ಟುಕೊಳ್ಳುವ ಚಿಪ್ಪಿನಲ್ಲಿ ಇರುತ್ತದೆ. ಕೇಬಲ್ ಕಿತ್ತರೂ ಅಳಿಯುವುದಿಲ್ಲ. ಆದರೂ ಯಾವ ಕೀಗೆ ಏನು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕೇಬಲ್ ಹಾಕುವಾಗ, ತೆಗೆಯುವಾಗ ಕಂಪ್ಯೂಟರ್ ಆಫ್ ಇರಬೇಕು. ಪಿಎಸ್/2 ಯುಎಸ್‌ಬಿ ತರಹ ಅಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಮುಂದೆ ಹೊಸ ಕಂಪ್ಯೂಟರ್ ತಗೊಂಡರೆ ಅದರಲ್ಲಿ ದುಂಡು ಪಿನ್ ಇರಲ್ಲ ಅಲ್ವಾ? ಮೌಸ್ ಜೊತೆ ಬಂದ ಪುಟ್ಟ ಹಸಿರು ಅಡಾಪ್ಟರ್ ಮನೆಯಲ್ಲಿದೆ.

ಉತ್ತರ: ಅದು ಆಗಲ್ಲ. ಅದರೊಳಗೆ ಬರೀ ವೈರ್ ಇದೆ, ಅದೂ ಯುಎಸ್‌ಬಿ ಮೌಸನ್ನು ಪಿಎಸ್/2ಗೆ ಹಾಕೋದಕ್ಕೆ. ನಿಮಗೆ ಬೇಕಿರುವುದು ಪಿಎಸ್/2 ಕೀಬೋರ್ಡನ್ನು ಯುಎಸ್‌ಬಿಗೆ ಹಾಕುವ, ಒಳಗೆ ಐಸಿ (ಚಿಪ್) ಇರುವ ಆಕ್ಟಿವ್ ಕನ್ವರ್ಟರ್. ಕೀಬೋರ್ಡನ್ನೂ ಅಂಗಡಿಗೆ ಒಯ್ದು, ಉದ್ದದ ಕೋಡ್ ಇರುವ ಕೀ ಒತ್ತಿ ನೋಡಿ. ಕೆಲವು ಅಗ್ಗದ ಕನ್ವರ್ಟರ್‌ಗಳು ವೇಗವಾಗಿ ಬರುವ ಅಕ್ಷರಗಳನ್ನು ನಡುವೆ ನುಂಗಿಬಿಡುತ್ತವೆ. ಕೀಗಳಿಗೆ ಹೊಸ ಐಟಂ ಸೇರಿಸುವ ಸಾಫ್ಟ್‌ವೇರ್ ಕನ್ವರ್ಟರ್ ಮೂಲಕ ಓಡದೇ ಇರಬಹುದು, ಅದಕ್ಕಾಗಿ ಹಳೆ ಕಂಪ್ಯೂಟರನ್ನು ಇಟ್ಟುಕೊಂಡಿರಿ.