ಅಪ್‌ಡೇಟ್: ನೆಲದ ಮೇಲೆ ಕೂಲೆಂಟ್ ಬಿಸಿಯೇರುತ್ತಿದ್ದ ವಿಮಾನ ಸರಿಹೋಯ್ತು

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಾವು ಹಾರಿಸುವ ಎರಡು ಸೀಟಿನ ವಿಮಾನ (ರೋಟ್ಯಾಕ್ಸ್ 912 ಇಂಜಿನ್) ಮಧ್ಯಾಹ್ನ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, 110 ಡಿಗ್ರಿ ದಾಟುತ್ತೆ, ಹಾರಿದ ಮೇಲೆ ಇಳಿಯುತ್ತೆ, ಏನ್ಮಾಡೋದು ಅಂತ ಕೇಳಿದ್ದೆನಲ್ಲ? ಉತ್ತರ ಸಿಕ್ಕಿತು.

ರೇಡಿಯೇಟರ್ ಸುತ್ತಲಿನ ಸಂದು ನೋಡಿ ಅಂದವರಿಗೆ ಒಂದು ಮೈಸೂರು ಪಾಕ್ ಬಾಕಿ. ಕೌಲಿಂಗ್ (ಇಂಜಿನ್ ಮೇಲಿನ ಹೊದಿಕೆ) ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ, ಮೇಲಂಚಿನ ರಬ್ಬರ್ ಪಟ್ಟಿ ಒಣಗಿ ಸೆಟೆದುಕೊಂಡು, ಬೆರಳು ತೂರುವಷ್ಟು ಜಾಗ ಬಿಟ್ಟಿತ್ತು. ಪಕ್ಕದಲ್ಲೇ ಸಲೀಸು ದಾರಿ ಇದ್ದರೆ ಗಾಳಿ ರೇಡಿಯೇಟರಿನ ತೆಳು ಫಿನ್‌ಗಳ ನಡುವೆ ಯಾಕೆ ನುಗ್ಗುತ್ತೆ ಹೇಳಿ! ಹಾರುವಾಗ ಗಾಳಿ ಜಾಸ್ತಿ, ಸೋರಿದರೂ ಸಾಕಾಗುತ್ತಿತ್ತು. ನೆಲದ ಮೇಲೆ ಪ್ರೊಪೆಲರ್ ಗಾಳಿಯೊಂದೇ ಗತಿ, ಅದೂ ಪೋಲು. ಇಂಜಿನಿಯರ್ ಹೊಸ ಪಟ್ಟಿ ಕೂರಿಸಿದರು. ಈಗ ಟ್ಯಾಕ್ಸಿ ಮಾಡುವಾಗಲೂ ಕೂಲೆಂಟ್ ಬಿಸಿ ತೋರಿಸುವ ಮುಳ್ಳು 95ರ ಆಸುಪಾಸಿನಲ್ಲಿದೆ.

ಪ್ರೆಶರ್ ಕ್ಯಾಪ್ (ಕೂಲೆಂಟಿನ ಒತ್ತಡ ಹಿಡಿದಿಡುವ ಮುಚ್ಚಳ) ಬದಲಿಸಿದ್ದು ಸುಮ್ನೆ ಖರ್ಚು. ನೀರಿಲ್ಲದ ಕೂಲೆಂಟ್ ಯೋಚನೆ ಬಿಟ್ಟೆವು. ಅದು ಬೇಗ ಕುದಿಯಲ್ಲ ನಿಜ, ಆದರೆ ಶಾಖ ಹೊರುವುದು ಕಮ್ಮಿ, ಇಂಜಿನ್ ಇನ್ನೂ ಬಿಸಿಯಾಗಿಯೇ ಓಡುತ್ತೆ. ಗಾಳಿಗೆ ಮೂತಿ ಕೊಟ್ಟು ರನ್‌ಅಪ್ (ಹಾರುವ ಮುಂಚಿನ ಇಂಜಿನ್ ಪರೀಕ್ಷೆ) ಮಾಡಿ ಅಂದಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಆಷಾಢದ ಗಾಳಿ ಬೆನ್ನಿಗೆ ಬಿದ್ದಾಗಲೇ ನಮ್ಮ ಮುಳ್ಳು ಏರುತ್ತಿದ್ದುದು.

ಗೊತ್ತಿಲ್ಲದ ವಿಷಯ ಒಂದಿತ್ತು. ಈ ಇಂಜಿನ್ನಿನಲ್ಲಿ ಕೂಲೆಂಟ್ ಹರಿಯುವುದು ಸಿಲಿಂಡರ್ ಹೆಡ್‌ಗಳಿಗೆ (ಸಿಲಿಂಡರ್ ತುದಿ ಮುಚ್ಚುವ ಭಾಗ) ಮಾತ್ರ, ಸಿಲಿಂಡರ್‌ಗಳು ಗಾಳಿಯಲ್ಲೇ ತಣ್ಣಗಾಗಬೇಕು. ಇಂಜಿನ್ ಆಫ್ ಮಾಡಿದರೆ ಪಂಪೂ ನಿಲ್ಲುತ್ತೆ, ಹೆಡ್ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತೆ. ಹಾಗಾಗಿ ಇಳಿದ ತಕ್ಷಣ ಆಫ್ ಮಾಡದೆ, ಗಾಳಿಗೆ ಎದುರಾಗಿ ನಿಲ್ಲಿಸಿ, ಐಡಲ್‌ನಲ್ಲಿ (ಇಂಜಿನ್ ನಿಧಾನವಾಗಿ ತಿರುಗುವಂತೆ ಇಟ್ಟು) ಮುಳ್ಳು ಇಳಿಯುವವರೆಗೂ ಬಿಡುತ್ತೇವೆ.