ಓದುಗರ ಸ್ಪಂದನ: ತಾರಸಿಗೆ ಬಂದ ಗೆಳೆಯ

ಇಡ್ಲಿಯನ್ನು ತನ್ನ ಹಾರುವ ತಟ್ಟೆಯೆಂದು ತಿಳಿದು ಹತ್ತಿ ಕುಳಿತು, ಸಾಂಬಾರಿನಲ್ಲಿ ಮುಳುಗೇಳುವ ಅನ್ಯಗ್ರಹ ಜೀವಿಯ ಕಥೆಯೊಂದನ್ನು ಮಗನನ್ನು ನಗಿಸಲೆಂದು ಕಟ್ಟಿ ಹೇಳಿದ ಮೈಸೂರಿನ ತಾಯಿಯೊಬ್ಬರು, ಊರು ಬದಲಾಗಿ ಒಂಟಿಯಾಗಿರುವ ಆ ಏಳು ವರ್ಷದ ಹುಡುಗ ಈಗ ಸಂಜೆಯೆಲ್ಲ ತಾರಸಿಯಲ್ಲಿ ಆ ಜೀವಿಯೊಡನೆ ಮಾತನಾಡುತ್ತಾನೆಂದೂ, ಕಥೆ ಸುಳ್ಳೆಂದು ಹೇಳಿಬಿಡಲೇ ಎಂದೂ ಕಳೆದ ಸಂಚಿಕೆಯಲ್ಲಿ ಕೇಳಿದ್ದರು.

ಮಗು ಯಾರೊಡನೆ ಮಾತನಾಡುತ್ತದೆಂದು ಚಿಂತಿಸುವ ಮೊದಲು, ನೀವು ಅದರೊಡನೆ ದಿನಕ್ಕೆ ಎಷ್ಟು ಹೊತ್ತು ಮಾತನಾಡುತ್ತೀರೆಂದು ಲೆಕ್ಕ ಹಾಕಿ.
– ನಿವೃತ್ತ ಶಿಕ್ಷಕ, ತೀರ್ಥಹಳ್ಳಿ

ಮಗನಿಗಾಗಿ ಕಥೆ ಕಟ್ಟುವ ತಾಯಿ ಅವನೊಡನೆ ಮಾತನಾಡದವರಲ್ಲವೆಂದು ನಮ್ಮ ಭಾವನೆ. ಮುಂದಿನ ಪತ್ರವನ್ನು ಮೊಟಕುಗೊಳಿಸಿಲ್ಲ. –ಸಂ.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪನಿಗೆ ವರ್ಗವಾಗಿ ನಾವು ಶಿರಸಿಯಿಂದ ರಾಯಚೂರಿಗೆ ಹೋದೆವು. ನನ್ನ ಮಾತಿನ ಧಾಟಿಗೆ ತರಗತಿಯೆಲ್ಲ ನಗುತ್ತಿದ್ದುದರಿಂದ ಶಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟೆ. ನೀರಿನ ತೊಟ್ಟಿಯ ಹಿಂದೆ ಇಳಿದಿದ್ದ, ಮೂರು ಕಾಲಿನ, ಸೀನಿದರೆ ಬಣ್ಣ ಬದಲಾಗುವ ಗುಬ್ಬಣ್ಣನೊಡನೆ ಮಾತ್ರ ಮಾತನಾಡುತ್ತಿದ್ದೆ. ಅವನಿಗೂ ಆ ಊರಿನ ಮಾತು ಹೊಸದು. ‘ಹೊಂಟೀನಿ’ ಎನ್ನುವುದನ್ನು ನಾವಿಬ್ಬರೂ ಕೂಡಿಯೇ ಕಲಿತೆವು. ಅವನು ತಪ್ಪಿದಾಗ ನಾನು ನಕ್ಕರೂ ಅವನು ಮುನಿಸಿಕೊಳ್ಳುತ್ತಿರಲಿಲ್ಲ. ಒಂದು ಸಂಜೆ ಸೋದರತ್ತೆ ನೆಂಟರೆದುರು, ‘ಎಲ್ಲಿದ್ದಾನೆ, ತೋರಿಸು’ ಎನ್ನುತ್ತ ತೊಟ್ಟಿಯ ಹಿಂದೆ ಟಾರ್ಚ್ ಬಿಟ್ಟರು. ಅಲ್ಲಿ ಸವೆದ ಪೊರಕೆಯೊಂದಿತ್ತು. ಎಲ್ಲರೂ ನಕ್ಕರು. ಗುಬ್ಬಣ್ಣ ಮತ್ತೆ ಬರಲಿಲ್ಲ, ನನಗೆ ಗೆಳತಿಯೊಬ್ಬಳು ಸಿಗಲು ಎರಡು ವರ್ಷ ಹಿಡಿಯಿತು. ದಯವಿಟ್ಟು ಟಾರ್ಚ್ ಬಿಡಬೇಡ, ತಂಗಿ.
– ಓದುಗರೊಬ್ಬರು, ಶಿರಸಿ

ಅಮೆರಿಕದ ಮನೋವಿಜ್ಞಾನಿ ಮರ್ಜೋರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ವರ್ಷ ತುಂಬುವಷ್ಟರಲ್ಲಿ ಶೇಕಡಾ 65ರಷ್ಟು ಮಕ್ಕಳಿಗೆ ಒಮ್ಮೆಯಾದರೂ ಕಾಲ್ಪನಿಕ ಗೆಳೆಯರಿದ್ದುದು ಕಂಡುಬಂದಿತ್ತು. ಗೆಳೆಯ ಕಲ್ಪನೆಯೆಂಬುದು ಸಾಮಾನ್ಯವಾಗಿ ಮಕ್ಕಳಿಗೆ ತಿಳಿದೇ ಇರುತ್ತದೆ.
– ಆಪ್ತಸಮಾಲೋಚಕಿ, ಧಾರವಾಡ

ತಾಯಿ ತಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದ ಒಂದು ಸಾಲನ್ನು ಗಮನಿಸಿದವರು ಇವರೊಬ್ಬರೇ. –ಸಂ.

ಆ ಜೀವಿಗೆ ಕನ್ನಡ ಹೇಗೆ ಬಂತೆಂದು ಮಗ ಕೇಳಿದಾಗ ನಿಮಗೆ ಉತ್ತರ ಹೊಳೆಯಲಿಲ್ಲವೆಂದು ಬರೆದಿದ್ದೀರಿ. 1977ರಲ್ಲಿ ನಾಸಾ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯಿದೆ. ಅದರಲ್ಲಿರುವ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಒಂದು. ನೌಕೆಗಳು ನೆಪ್ಚೂನನ್ನೂ ದಾಟಿ ಬಹುದೂರ ಹೋಗಿವೆ. ದಾರಿಯಲ್ಲಿ ಅದನ್ನು ಕೇಳಿಯೇ ಆತ ಕಲಿತನೆಂದು ನಿಮ್ಮ ಕಥೆಯನ್ನು ಮುಂದುವರಿಸಿ. ಆ ಕನ್ನಡದ ದನಿ ಅಂತರ್ಜಾಲದಲ್ಲಿ ಸಿಗುತ್ತದೆ. ತಾರಸಿಯಲ್ಲೇ ಕೇಳಿಸಿ, ಕೆಳಮನೆಯ ಮಕ್ಕಳನ್ನೂ ಕರೆಯಿರಿ.
– ವಿಜ್ಞಾನ ಶಿಕ್ಷಕಿ, ಗೌರಿಬಿದನೂರು